ನೀರು ಕಾಣದ ಹೂ

ಹುಳುಗಳು ಮೂರನೇ ಜ್ವರಕ್ಕೆ ಕೂರದೇ ಹೋಗಿದ್ದರೆ ಭಾರತಮ್ಮ ಆ ಶನಿವಾರ ಹುತ್ತೂರು ಬಿಟ್ಟು ಬರುತ್ತಲೇ ಇರಲಿಲ್ಲ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಅದಕ್ಕೇ ಜ್ವರ ಎನ್ನುವುದು. ಹುಳು ಸಾಕುವ ಮನೆಯ ಹೆಂಗಸಿಗೆ ರಜ ಅಂತ ಏನಾದರೂ ಸಿಕ್ಕರೆ ಆ ಒಂದು ದಿನ. ಸೊಪ್ಪು ಕೊಯ್ಯಬೇಕು, ತಟ್ಟೆ ಬದಲಾಯಿಸಬೇಕು ಎಂದು ನೆಪ ಹೇಳಿ ಹೇಳಿ ಭಾರತಮ್ಮ ಎರಡು ಶನಿವಾರ ತಳ್ಳಿದ್ದಳು. ಮೂರನೆಯದಕ್ಕೆ ಹುಳುಗಳೇ ಕೈಕೊಟ್ಟವು.

ಹಾಗಾಗಿ ಬೆಳಗ್ಗೆ ಏಳು ಗಂಟೆಗೆಲ್ಲ ಅವಳು ಬೈರಕೂರಿನ ಆಚೆ, ತವರೂರಿನ ತಿಮ್ಮರಾಯನ ಗುಟ್ಟೆಯ ಬುಡದಲ್ಲಿ ನಿಂತಿದ್ದಳು. ಜೊತೆಗೆ ತಮ್ಮ ವೇಣುಗೋಪಾಲನ ಹೆಂಡತಿ ಅನಿತ, ಕೈಯಲ್ಲಿ ಹೊಸ ಬಿದಿರುಬುಟ್ಟಿ. ಗುಟ್ಟೆ ಏನೂ ದೊಡ್ಡದಲ್ಲ, ಮುಕ್ಕಾಲು ಗಂಟೆ ಹತ್ತಿದರೆ ನೆತ್ತಿ. ಆದರೆ ಶಿವರಾತ್ರಿ ಕಳೆದ ಮೇಲೆ ಅಲ್ಲಿ ಬಂಡೆ ಬಿಟ್ಟರೆ ಒಣಹುಲ್ಲು, ಒಣಹುಲ್ಲು ಬಿಟ್ಟರೆ ಬಂಡೆ. ನೆರಳು ಬೇಕೆಂದರೆ ಮನೆಯಿಂದ ತರಬೇಕು.

ಗುಡಿ ಇರುವುದು ಬುಡದಲ್ಲೇ. ಅದರ ಜಗಲಿಯ ಮೇಲೆ ವೇಣು ಕಂಬಕ್ಕೊರಗಿ ಕೂತಿದ್ದ. ನಲವತ್ತೆರಡರ ಗಂಡಸು. ಊರಿನ ಹಾಲಿನ ಡೇರಿಯ ಸೆಕ್ರೆಟರಿ, ಶನಿವಾರಗಳಲ್ಲಿ ಇಲ್ಲಿಯ ಪೂಜಾರಿ. ಅಪ್ಪನಿಂದ ಬಂದ ಪೂಜೆ. ಎಂಟು ತಿಂಗಳ ಹಿಂದೆ ಎರಡೂ ಕಿಡ್ನಿ ಕೆಟ್ಟು, ಈಗ ಸೋಮವಾರ, ಗುರುವಾರ ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಮುಖ ಬೂದಿ ಬಳಿದಂತಾಗಿತ್ತು.

“ನಿಧಾನಕ್ಕೆ ಹತ್ತಕ್ಕಾ, ಮೇಲೆ ಬಂಡೆ ಜಾರ್ತೈತೆ,” ಎಂದ. ಮಾತು ಅಕ್ಕನಿಗೆ, ಕಣ್ಣು ಮಾತ್ರ ಗುಟ್ಟೆಯ ಕಡೆಗೆ.

ಆ ಕಣ್ಣನ್ನು ಭಾರತಮ್ಮ ಎರಡು ತಿಂಗಳಿಂದ ಹುಡುಕುತ್ತಿದ್ದಳು. ಬೆಂಗಳೂರಿನ ಡಾಕ್ಟರು ಒಡಹುಟ್ಟಿದವರ ಕಿಡ್ನಿ ಸಿಕ್ಕರೆ ಒಳ್ಳೆಯದು ಎಂದಿದ್ದರು. ಅನಿತಳದು ಹೊಂದಲಿಲ್ಲ. ಅಕ್ಕನನ್ನು ಟೆಸ್ಟಿಗೆ ಬಾ ಎಂದರು, ಹೋದಳು. ರಕ್ತ ಕೊಟ್ಟಳು, ಮಿಷನ್ನಿನೊಳಗೆ ಮಲಗು ಎಂದರೆ ಮಲಗಿದಳು. ಹೊಂದುತ್ತದೆ ಎಂದ ಕೂಡಲೇ ಎಲ್ಲರೂ ಅವಳ ಕಡೆ ತಿರುಗಿ ನಕ್ಕರು. ಹೊಂದಿತು ಎಂದರೆ ಕೊಟ್ಟಂತೆಯೇ ಎಂದು ಅವರೆಲ್ಲ ತಿಳಿದುಬಿಟ್ಟರು. ಕೊಡುತ್ತೀಯಾ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ವೇಣುವಂತೂ ಆವತ್ತಿನಿಂದ ಅವಳ ಕಣ್ಣಿಗೆ ಕಣ್ಣು ಕೊಟ್ಟು ಮಾತನ್ನೇ ಆಡಿರಲಿಲ್ಲ.

ಅವಳ ಗಂಡ ಕೋದಂಡರಾಮಪ್ಪ ಮಾತ್ರ ರಾತ್ರಿಯೆಲ್ಲ ಹೊರಳಾಡಿ, ಕೊನೆಗೊಂದು ದಿನ, “ಯಾವ್ದಕ್ಕೂ ತಿಮ್ಮರಾಯನ್ನ ಒಂದ್ ಮಾತು ಕೇಳ್ಬಿಡೋಣ,” ಎಂದಿದ್ದ. ಅವನಿಗೆ ಹೆಂಡತಿಯ ಹೊಟ್ಟೆ ಕೊಯ್ಯುವುದು ಬೇಕಿರಲಿಲ್ಲ, ಬೇಡ ಎನ್ನಲು ಬಾಯಿಯೂ ಇರಲಿಲ್ಲ. ಭಾರತಮ್ಮ ಹೂಂ ಎಂದಳು. ಎಷ್ಟು ಬೇಗ ಎಂದಳೆಂದರೆ, ಅವಳಿಗೇ ನಾಚಿಕೆಯಾಯಿತು.

ಈ ತಿಮ್ಮರಾಯ ಸ್ವಲ್ಪ ಹಟಮಾರಿ ದೇವರು. ಪೇಟೆಯ ಸೇವಂತಿಗೆ, ಗುಲಾಬಿ ಎಲ್ಲ ಅಲಂಕಾರಕ್ಕೆ ಆದೀತು, ಪ್ರಶ್ನೆಗೆ ಆಗದು. ಪ್ರಶ್ನೆ ಕೇಳಬೇಕಾದರೆ ಮನುಷ್ಯರು ಯಾರೂ ಒಂದು ಚೆಂಬು ನೀರನ್ನೂ ಹೊಯ್ಯದ ಹೂವೇ ಬೇಕು. ಅಂಥ ಹೂ ಇರುವುದು ಗುಟ್ಟೆಯ ನೆತ್ತಿಯಲ್ಲಿ. ಕೇಳುವವರೇ ಹತ್ತಿ, ಗಿಡದಿಂದ ಎರಡು ಹೂ ಕಿತ್ತು ತರಬೇಕು. ಕೈಲಾಗದವರಿಗೆ ಪೂಜಾರಿಯ ಮನೆಯವರು ತಂದುಕೊಡುತ್ತಾರೆ. ಬಲಗೈಯಲ್ಲಿ ಕೊಟ್ಟ ಹೂವನ್ನು ಪೂಜಾರಿ ದೇವರ ಬಲಭುಜಕ್ಕೆ, ಎಡಗೈಯದನ್ನು ಎಡಭುಜಕ್ಕೆ ಒದ್ದೆ ಕಲ್ಲಿನ ಮೇಲೆ ಅಂಟಿಸುತ್ತಾನೆ. ಆಮೇಲೆ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಂದು ಪ್ರಶ್ನೆಯನ್ನು ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯೊಳಗೆ ಒಂದೇ ಸಲ ಕೇಳಬೇಕು. ಸುತ್ತಲಿನ ಹತ್ತು ಹಳ್ಳಿಯ ಮದುವೆ, ಬಾವಿ, ಆಪರೇಷನ್ನು ಎಲ್ಲ ಈ ಎರಡು ಹೂವಿನ ಮೇಲೆ ನಡೆದಿದೆ.

ಭಾರತಮ್ಮನಿಗೆ ಆ ಹೂವಿನ ವಿಷಯ ಊರಿನ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಅದೇ ಈಗ ಅವಳ ಕಷ್ಟ.

ಇಬ್ಬರೂ ಹತ್ತತೊಡಗಿದರು. ಸೊಂಟದವರೆಗೆ ಬೆಳೆದು ಒಣಗಿದ ಹುಲ್ಲು, ನಡುವೆ ಕುರಿಗಳು ತುಳಿದು ಮಾಡಿದ ದಾರಿ. ನಾಲ್ಕು ಹೆಜ್ಜೆ ಇಡುವುದರೊಳಗೆ ಸೀರೆಯ ಅಂಚಿಗೆಲ್ಲ ಹುಲ್ಲಿನ ಮುಳ್ಳು ಹತ್ತಿಕೊಂಡಿತು. ಒಂದು ಕಡೆ ಕುರಿಯವರು ಬೆಂಕಿ ಹಾಕಿದ್ದ ಜಾಗ ಕರ್ರಗೆ ಬಿದ್ದಿತ್ತು. ಆ ಕರಿಯ ನಡುವೆಯೇ ಬೆರಳುಗುರಿನಷ್ಟು ನೀಲಿ ಹೂಗಳು ಅರಳಿ ಕೂತಿದ್ದವು.

“ವದಿನಾ, ನೋಡಿ ವಿಷ್ಣುಕ್ರಾಂತಿ!” ಎಂದಳು ಅನಿತ. ಅವಳು ಆಂಧ್ರದ ಗಡಿ ಕಡೆಯಿಂದ ಬಂದವಳು, ತೆಲುಗು ಮನೆಯವಳು. ಗಂಡನ ಅಕ್ಕನನ್ನು ಮದುವೆಯಾದ ದಿನದಿಂದ ವದಿನ ಎಂದೇ ಕರೆಯುತ್ತಿದ್ದಳು. “ಹೋದ್ ವರ್ಷ ಇದೇ ಹೊತ್ತಲ್ಲಿ ಅವರು ಕರ್ಕೊಂಡ್ ಬಂದು ತೋರಿಸಿದ್ರು. ಬೆಂಕಿ ಬಿದ್ದ ಮೇಲೆ ಮೊದ್ಲು ಏಳೋದು ಇದೇ ಅಂತೆ.”

“ಹೂಂ,” ಎಂದಳು ಭಾರತಮ್ಮ.

ಇನ್ನಷ್ಟು ಮೇಲೆ ತಂಗಡಿ ಗಿಡಗಳು ಅರಿಶಿನ ಚೆಲ್ಲಿದಂತೆ ಹೂ ಬಿಟ್ಟಿದ್ದವು. ಬಂಡೆಯ ಸಂದಿಗಳಲ್ಲಿ ತುಂಬೆ. ದೂರದ ಕೊರಕಲಿನಲ್ಲಿ ಎಲೆಯೇ ಇಲ್ಲದ ಎರಡು ಮುತ್ತುಗದ ಮರ, ಬರೀ ಕೆಂಪು. ಕಾರ್ತಿಕದಿಂದೀಚೆಗೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಇವುಗಳಿಗೆ ಯಾರು ಹೇಳಿದರು ಈಗ ಅರಳಿ ಎಂದು? ಭಾರತಮ್ಮನಿಗೆ ಹೂಗಳ ಮೇಲೇ ಸಿಟ್ಟು ಬಂತು. ಮನಸ್ಸಿನಲ್ಲಿ ಬೆಂಕಿ ಇಟ್ಟುಕೊಂಡು ಹತ್ತುವವಳ ಮುಂದೆ ಇಷ್ಟು ಬಣ್ಣ ತೋರಿಸಬಾರದು.

“ಅವರಿಗೆ ದಿನಕ್ಕೆ ನಾಲ್ಕು ಲೋಟ ನೀರು,” ಎಂದಳು ಅನಿತ, ಯಾರೂ ಕೇಳದಿದ್ದರೂ. “ಮಾತ್ರೆ ನುಂಗೋದೂ ಅದ್ರಲ್ಲೇ. ಮೊನ್ನೆ ಬಟ್ಟೆ ಒಗೀತಿದ್ದೆ ವದಿನ. ಬಂದು ಪಕ್ಕದಲ್ಲಿ ಕೂತ್ಕೊಂಡ್ರು. ಏನ್ರೀ ಅಂದೆ. ಏನಿಲ್ಲ, ನೀರಿನ ಸದ್ದು ಕೇಳೋಣ ಅಂತ ಅಂದ್ರು.”

ಭಾರತಮ್ಮನ ಸೊಂಟದಲ್ಲಿ ಒಂದು ಲೀಟರು ನೀರಿನ ಬಾಟಲಿ ಸಿಕ್ಕಿಕೊಂಡಿತ್ತು. ನೆತ್ತಿ ತಲುಪುವವರೆಗೂ ಅವಳು ಅದರ ಮುಚ್ಚಳ ತೆಗೆಯಲಿಲ್ಲ.

ಅನಿತ ಈಗ ಕೇಳುತ್ತಾಳೆ, ಈ ತಿರುವಿನಲ್ಲಿ ಕೇಳುತ್ತಾಳೆ ಎಂದು ಅವಳು ಕಾಯುತ್ತಿದ್ದಳು. ಕಾಲಿಗೆ ಬೀಳಲಿ, ಅಳಲಿ, ಜಗಳವಾಡಲಿ. ಆಗ ಇಲ್ಲ ಎಂದು ಹೇಳಿಬಿಡಬಹುದು. ಇಲ್ಲ ಎನ್ನುವುದಕ್ಕೆ ಬೇಕಾದ ಮಾತನ್ನೆಲ್ಲ ಅವಳು ಎರಡು ತಿಂಗಳಿಂದ ಒಪ್ಪ ಮಾಡಿ ಇಟ್ಟುಕೊಂಡಿದ್ದಳು. ನನಗೂ ಐವತ್ತಾಯಿತು, ಸೊಪ್ಪಿನ ಹೊರೆ ಹೊರುವವಳು, ಒಂದೇ ಕಿಡ್ನಿ ಇಟ್ಟುಕೊಂಡು ಏನು ಮಾಡಲಿ, ನನಗೂ ಮಗಳಿದ್ದಾಳೆ, ಧನಶ್ರೀಗೆ ಇನ್ನೂ ಮದುವೆಯಾಗಿಲ್ಲ. ಆದರೆ ಈ ಅನಿತ ಎಂಥ ಹೆಂಗಸು! ಹೂ ತೋರಿಸುತ್ತಾಳೆ, ಮುಳ್ಳು ಬಿಡಿಸಿಕೊಡುತ್ತಾಳೆ, ಬಂಡೆ ಹತ್ತುವಾಗ ಕೈ ಕೊಡುತ್ತಾಳೆ, ಆ ಒಂದು ಮಾತು ಮಾತ್ರ ಎತ್ತುವುದಿಲ್ಲ.

ಹಾಗೆ ನೋಡಿದರೆ ಆ ಮಾತುಗಳೆಲ್ಲ ಮೇಲಿನವು. ಅವುಗಳ ಅಡಿಯಲ್ಲಿದ್ದದ್ದು ಒಂದೇ, ಅಮ್ಮ. ಅಮ್ಮ ದೊಡ್ಡವೆಂಕಟಮ್ಮ ಗರ್ಭಕೋಶದ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೋದಾಗ ಭಾರತಮ್ಮನಿಗೆ ಹತ್ತೊಂಬತ್ತು, ವೇಣುವಿಗೆ ಹನ್ನೊಂದು. “ಗುರುವಾರಕ್ಕೆಲ್ಲ ಬಂದ್ಬಿಡ್ತೀನಿ, ಹಿಟ್ಟಿನ ಡಬ್ಬ ಮುಚ್ಚಿಡು,” ಎಂದು ಹೇಳಿ ಹೋಗಿದ್ದಳು. ಬಂದದ್ದು ಬುಧವಾರವೇ, ಬಿಳಿ ಬಟ್ಟೆಯಲ್ಲಿ. ಯಾರ ತಪ್ಪೂ ಅಲ್ಲ, ಎದೆ ತಡೆಯಲಿಲ್ಲ ಎಂದರು. ಆವತ್ತಿನಿಂದ ಆಸ್ಪತ್ರೆಯ ಮೆಟ್ಟಿಲು ಎಂದರೆ ಭಾರತಮ್ಮನಿಗೆ ಕಾಣುವುದು ಆ ಬಿಳಿ ಬಟ್ಟೆಯೇ. ಹೆರಿಗೆಯನ್ನೂ ಅವಳು ಮನೆಯಲ್ಲೇ ಮಾಡಿಸಿಕೊಂಡವಳು. ಅಂಥವಳನ್ನು ಹಿಡಿದು, ಚೆನ್ನಾಗಿರುವ ದೇಹವನ್ನು ಕೊಯ್ಯುತ್ತೇವೆ, ಮಲಗು ಎನ್ನುತ್ತಿದ್ದರು. ಹೆದರಿಕೆ ಎಂದು ಬಾಯಿ ಬಿಟ್ಟು ಹೇಳಲು ಆಗುತ್ತಿರಲಿಲ್ಲ. ತಮ್ಮ ಸಾಯುತ್ತಿರುವಾಗ ನನಗೆ ಹೆದರಿಕೆ ಎಂದರೆ ಜನ ಮುಖಕ್ಕೆ ಉಗಿಯುತ್ತಾರೆ. ದೇವರು ಬೇಡ ಎಂದ ಎಂದರೆ ಯಾರೂ ತುಟಿ ಬಿಚ್ಚುವುದಿಲ್ಲ.

ಅದಕ್ಕೇ ಅವಳು ಹೂಂ ಎಂದದ್ದು. ದೇವರು ಏನು ಹೇಳುತ್ತಾನೆ ಎಂಬುದು ಹತ್ತುವ ಮೊದಲೇ ಅವಳಿಗೆ ಗೊತ್ತಿತ್ತು.

ದೊಡ್ಡವಳಾಗುವ ತನಕ ಅಪ್ಪ ಚನ್ನರಾಯಪ್ಪನಿಗೆ ಹೂ ತಂದುಕೊಡುತ್ತಿದ್ದವಳು ಅವಳೇ. ಪುಟ್ಟ ವೇಣುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹತ್ತುತ್ತಿದ್ದಳು. ನೆತ್ತಿಯ ಬಂಡೆಗಳ ನಡುವೆ ಕೊಂಡಗೋಗು ಮರಗಳಿವೆ. ಮಾಘ ಕಳೆಯುವ ಹೊತ್ತಿಗೆ ಎಲೆಯೆಲ್ಲ ಉದುರಿ ಅಂಗೈಯಗಲದ ಹಳದಿ ಹೂ ಬಿಡುತ್ತದೆ. ಪೂರ್ತಿ ಅರಳಿದ ಹೂವಿನ ಎಸಳು ತೆಳ್ಳಗೆ. ತೊಟ್ಟು ಚಿವುಟಿ ಒದ್ದೆ ಕಲ್ಲಿಗೆ ತಾಗಿಸಿದರೆ ಅಂಟಿಕೊಂಡು ಸಂಜೆಯವರೆಗೂ ಬಿಡದು. ಅರೆಬಿರಿದದ್ದರ ಬುಡ ದಪ್ಪ, ಭಾರ. ತೊಟ್ಟನ್ನು ಉಳಿಸಿಕೊಂಡೇ ಅಂಟಿಸಿದರೆ ಅರ್ಧ ಗಂಟೆಯೂ ನಿಲ್ಲದು. ಅಷ್ಟೇ ಗುಟ್ಟು. ಗುಟ್ಟೆ ಹತ್ತದೆ ಬಂದವರಿಗೆಂದು ಅಪ್ಪ ಬುಟ್ಟಿಯಲ್ಲಿ ಎರಡೂ ಬಗೆಯದನ್ನು ತರಿಸಿಕೊಳ್ಳುತ್ತಿದ್ದ. ಕೇಳಲು ಬಂದವರ ಮುಖವನ್ನು ಒಂದು ಗಳಿಗೆ ನೋಡಿ, ಆಮೇಲೆ ಬುಟ್ಟಿಗೆ ಕೈ ಹಾಕಿ ಅವರ ಎರಡು ಕೈಗೂ ಒಂದೊಂದು ಹೂ ಇಡುತ್ತಿದ್ದ.

ಒಂದು ಸಲ ಸುನಂದ ಎಂಬ ಹುಡುಗಿಯನ್ನು ಅವಳ ಮಾವಂದಿರು ಕರೆತಂದಿದ್ದರು. ಎರಡು ಮಕ್ಕಳ ತಂದೆಗೆ ಎರಡನೇ ಸಂಬಂಧ, ಆಗಲೋ ಬೇಡವೋ ಎಂದು. ಎಡಗಡೆಯ ಹೂ ಟಪ್ಪನೆ ಬಿತ್ತು. ಮನೆಗೆ ಹೋಗುವಾಗ, ಆಗಿನ್ನೂ ಬರೀ ಭಾರತಿಯಾಗಿದ್ದ ಅವಳು ಕೇಳಿದ್ದಳು, “ಅಪ್ಪಾ, ಬೇಡ ಅಂದಿದ್ದು ದೇವರಾ, ನೀನಾ?”

“ಆ ಮಗೀನ ಮುಖ ಅಂತು,” ಎಂದಿದ್ದ ಅಪ್ಪ. “ನಾನು ಕೇಳಿಸ್ಕೊಂಡೆ, ಸ್ವಾಮಿ ಒಪ್ಕೊಂಡ.”

ಅವಳು ದೊಡ್ಡವಳಾದ ಮೇಲೆ ಗರ್ಭಗುಡಿಯ ಹೊಸಿಲು ದಾಟಬೇಡ ಎಂದರು. ಆಗ ಅವಳೇ ತಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಕಲಿಸಿದಳು. ಇದು ನಿಲ್ಲುವುದು, ಇದು ಬೀಳುವುದು. ಐದಾರು ವರ್ಷದ ವೇಣು ಮಣ್ಣಿನ ಗೋಡೆಗೆ ನೀರು ಹಚ್ಚಿ ಹೂ ಅಂಟಿಸಿ ಚಪ್ಪಾಳೆ ತಟ್ಟುತ್ತಿದ್ದ.

ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಒಣಹುಲ್ಲು ಒಂದೇ ಸಮನೆ ಸರಸರ ಎನ್ನುತ್ತಿತ್ತು. ಕೊಂಡಗೋಗು ಮರಗಳು ಆ ವರ್ಷ ಹೂವೆಂದರೆ ಹೂ. ಬಂಡೆಯ ಮೇಲೆಲ್ಲ ಉದುರಿ ಬಿದ್ದಿದ್ದವು. ಉದುರಿದ್ದು ಪ್ರಶ್ನೆಗೆ ಬರುವುದಿಲ್ಲ. ಅನಿತ ಚಿಕ್ಕ ಹುಡುಗಿಯಂತೆ ಬಂಡೆ ಹತ್ತಿ, ಒಂದು ಕೊಂಬೆಯನ್ನು ಬಗ್ಗಿಸಿ ಹಿಡಿದಳು.

“ವದಿನಾ, ಈ ಎರಡು ನೋಡಿ. ಅವಳಿಜವಳಿ ಇದ್ದಂಗವೆ. ಇವನ್ನೇ ಕೀಳಿ.”

ಎರಡೂ ಪೂರ್ತಿ ಅರಳಿದವು, ಒಂದರಂತೆ ಒಂದು. ಇವೆರಡನ್ನು ಅಂಟಿಸಿದರೆ ಯಾವುದು ಬೀಳುತ್ತದೆ ಎಂದು ಅಪ್ಪನೂ ಹೇಳಲಾರ, ಅವಳೂ ಹೇಳಲಾರಳು. ತಿಮ್ಮರಾಯನಿಗೆ ನಿಜವಾಗಿ ಏನಾದರೂ ಹೇಳುವುದಿದ್ದರೆ ಆಗ ಹೇಳಬಹುದಿತ್ತು.

ಭಾರತಮ್ಮ ಒಂದನ್ನು ಕಿತ್ತಳು. ಇನ್ನೊಂದರ ತನಕ ಹೋದ ಕೈ ಅಲ್ಲೇ ನಿಂತಿತು. ಅದನ್ನು ಬಿಟ್ಟು, ಪಕ್ಕದ ಕೊಂಬೆಯಲ್ಲಿ ಅರ್ಧ ಮಾತ್ರ ಬಾಯಿ ಬಿಟ್ಟಿದ್ದ, ಬುಡ ದಪ್ಪಗಿದ್ದ ಒಂದನ್ನು ಉದ್ದ ತೊಟ್ಟಿನ ಸಮೇತ ಮುರಿದುಕೊಂಡಳು. ಆಮೇಲೆ ಮೊದಲನೆಯದರ ತೊಟ್ಟನ್ನು ಉಗುರಿನಿಂದ ಚಿವುಟಿ ಹಾಕಿದಳು. ಐವತ್ತು ವರ್ಷದ ಬೆರಳು ಹನ್ನೆರಡು ವರ್ಷದವಳ ಕೆಲಸವನ್ನು ಮರೆತಿರಲಿಲ್ಲ.

“ಅದ್ಯಾಕೆ ವದಿನ? ಅದಿನ್ನೂ ಬಿರಿದೇ ಇಲ್ಲ.”

“ಒಂದು ಅರಳಿದ್ದು, ಒಂದು ಅರಳೋದು. ಹಂಗೇ ಶಾಸ್ತ್ರ,” ಎಂದಳು ಭಾರತಮ್ಮ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

“ಅಬ್ಬಾ, ನಂಗೊತ್ತಿಲ್ಲ ನೋಡಿ. ಹನ್ನೆರಡು ವರ್ಷ ಆಯ್ತು ಪೂಜಾರಿ ಮನೆಗ್ ಬಂದು,” ಎಂದು ನಕ್ಕು ಅನಿತ ಕೊಂಬೆಯನ್ನು ಮೆಲ್ಲಗೆ ಬಿಟ್ಟಳು. ಬುಟ್ಟಿಯಲ್ಲಿ ಹಸಿ ಬಾಳೆಲೆ ಹಾಸಿ ಎರಡನ್ನೂ ಜೋಪಾನವಾಗಿ ಇಟ್ಟುಕೊಂಡಳು. ಇಳಿಯುವ ದಾರಿಯುದ್ದಕ್ಕೂ ಬುಟ್ಟಿಗೆ ಬಿಸಿಲು ತಾಗದಂತೆ ಸೆರಗು ಮುಚ್ಚಿದ್ದಳು. ಹಿಂದೆ ಬರುತ್ತಿದ್ದ ಭಾರತಮ್ಮ ಆ ಸೆರಗನ್ನು ನೋಡಲಾಗದೆ ಕಾಲಿನ ಕಡೆಯೇ ನೋಡುತ್ತ ಇಳಿದಳು. ಎರಡು ಸಲ ಎಡವಿದಳು.

ಗುಡಿಯಲ್ಲಿ ಕೋದಂಡರಾಮಪ್ಪ ಶರಟಿನ ಗುಂಡಿ ಬಿಚ್ಚಿಕೊಂಡು ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ. ವೇಣುವಿನ ಪಕ್ಕದ ಮನೆಯ ಮುದುಕಿ ಚಿಕ್ಕಗಂಗಮ್ಮ ಹೆಸರುಬೇಳೆ ನೆನೆಸಿಟ್ಟುಕೊಂಡು ಬಂದಿದ್ದಳು. ಇನ್ನೂ ನಾಲ್ಕಾರು ಜನ. ವೇಣು ಬಾವಿಯ ಪಕ್ಕದಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ಒಳಗೆ ಹೋಗಿ ಕಲ್ಲಿನ ಸ್ವಾಮಿಗೆ ಅಭಿಷೇಕ ಮಾಡಿದ. ಎರಡು ಸಲ ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯ ನರ ಹಗ್ಗದಂತೆ ಉಬ್ಬಿತ್ತು.

“ಕೇಳ್ಕೊಳ್ಳಿ,” ಎಂದ.

ಭಾರತಮ್ಮ ಹೊಸಿಲಿನಾಚೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಬೇಕಾದ್ದನ್ನು ಹೇಳಿದಳು. “ಸ್ವಾಮೀ, ನನ್ನ ತಮ್ಮಂಗೆ ನನ್ನ ಕಿಡ್ನಿ ಕೊಡಬೇಕು ಅಂತವ್ರೆ. ಆಗೋದಾದ್ರೆ ಬಲಗಡೆ ಕೊಡು. ಬೇಡ ಅಂದ್ರೆ ಎಡಗಡೆ ಕೊಡು.” ಎರಡೂ ಅಂಗೈಯನ್ನು ಮುಂದೆ ಚಾಚಿದಳು. ಬಲಗೈಯಲ್ಲಿ ಅರಳಿದ ಹೂ, ಎಡಗೈಯಲ್ಲಿ ಅರೆಬಿರಿದದ್ದು.

ವೇಣು ಹೂ ತೆಗೆದುಕೊಂಡ. ಬೆರಳುಗಳು ನಿಂತವು. ಎಡಗೈಯ ಹೂವಿನ ದಪ್ಪ ಬುಡದ ಮೇಲೆ, ಉದ್ದ ತೊಟ್ಟಿನ ಮೇಲೆ ಅವನ ಹೆಬ್ಬೆರಳು ಒಮ್ಮೆ ಹರಿದಾಡಿತು. ಇನ್ನೊಂದರ ಚಿವುಟಿದ ಜಾಗವನ್ನೂ ಮುಟ್ಟಿ ನೋಡಿತು. ಆಮೇಲೆ ಅವನು ತಲೆಯೆತ್ತಿ, ಎರಡು ತಿಂಗಳಲ್ಲಿ ಮೊದಲ ಸಲ, ಅಕ್ಕನ ಮುಖವನ್ನು ನೇರವಾಗಿ ನೋಡಿದ. ಅಪ್ಪ ನೋಡುತ್ತಿದ್ದ ಹಾಗೆ, ಒಂದು ಗಳಿಗೆ.

ಭಾರತಮ್ಮ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಗೊತ್ತಾಯಿತು ಇವನಿಗೆ.

ಅವನು ಉಗುರಿನಲ್ಲಿ ಎಡಗೈಯ ಹೂವಿನ ತೊಟ್ಟನ್ನು ಚಿವುಟಿದ್ದರೆ ಸಾಕಿತ್ತು. ಬೆನ್ನು ತಿರುಗಿಸಿ ಎರಡನ್ನೂ ಅದಲುಬದಲು ಮಾಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಚಿವುಟು, ಚಿವುಟೋ ಎಂದು ಒಳಗೊಳಗೇ ಯಾರೋ ಕೂಗಿದಂತಾಯಿತು. ಹಾಗೆ ಕೂಗಿದ್ದು ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ವೇಣು ಚಿವುಟಲಿಲ್ಲ. ಬಲದ್ದನ್ನು ಬಲಕ್ಕೆ, ಎಡದ್ದನ್ನು ಎಡಕ್ಕೆ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಅಂಟಿಸಿ, ಕೈಮುಗಿದು ಪಕ್ಕಕ್ಕೆ ಸರಿದು ನಿಂತ.

ಅರ್ಧ ಗಂಟೆ ಬೇಕಾಗಲಿಲ್ಲ. ಎಡಗಡೆಯ ಹೂ ಒಂದಿಷ್ಟು ವಾಲಿತು, ಇನ್ನಷ್ಟು ವಾಲಿತು, ಟಪ್ಪನೆ ಪೀಠದ ಮೇಲೆ ಬಿತ್ತು.

“ಎಡಪ್ರಸಾದ ಆಯ್ತು,” ಎಂದ ವೇಣು. ದನಿ ಒಂದು ಚೂರೂ ಅಲುಗಲಿಲ್ಲ. “ಸ್ವಾಮಿ ಬೇಡ ಅಂದವ್ನೆ.”

ಚಿಕ್ಕಗಂಗಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಕೋದಂಡರಾಮಪ್ಪ ದೊಡ್ಡದಾಗಿ ಉಸಿರು ಬಿಟ್ಟು, ಬಿಟ್ಟದ್ದು ಎಲ್ಲರಿಗೂ ಕೇಳಿಸಿತೇನೋ ಎಂದು ಅತ್ತಿತ್ತ ನೋಡಿ, ಎದ್ದು ಹೊರಗೆ ಹೋದ. ಅನಿತ ಕೈಮುಗಿದುಕೊಂಡೇ ನಿಂತಿದ್ದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ತಿರುಗಿ ಭಾರತಮ್ಮನ ಎರಡೂ ಕೈ ಹಿಡಿದುಕೊಂಡಳು.

“ನೀವು ಬೇಜಾರ್ ಮಾಡ್ಕೋಬೇಡಿ ವದಿನ. ಕೊಡೋಕೆ ಮನಸು ಮಾಡಿದ್ರಲ್ಲ, ಈ ಬಿಸಿಲಲ್ಲಿ ಗುಟ್ಟೆ ಹತ್ತಿದ್ರಲ್ಲ, ನಮ್ಗೆ ಅಷ್ಟೇ ಸಾಕು. ಸ್ವಾಮಿ ಬೇಡ ಅಂದ್ರೆ ನಿಮ್ದೇನು ತಪ್ಪು?”

ಬೈದಿದ್ದರೆ ಭಾರತಮ್ಮ ತಡೆದುಕೊಳ್ಳುತ್ತಿದ್ದಳು. ಅವಳು ಕೈ ಬಿಡಿಸಿಕೊಂಡು, ಪ್ರಸಾದವೆಂದು ವೇಣು ಹೊಸಿಲಿನ ಮೇಲೆ ಇಟ್ಟಿದ್ದ ಆ ಎಡಗಡೆಯ ಹೂವನ್ನು ತೆಗೆದುಕೊಂಡು, ಗುಡಿಯ ಹಿಂದಕ್ಕೆ ನಡೆದಳು.

ಹಿಂದೆ ಬಾವಿಕಟ್ಟೆಯ ಮೇಲೆ ವೇಣು ಕೂತು ಪೂಜೆಯ ತಟ್ಟೆ ತೊಳೆಯುತ್ತಿದ್ದ. ಬಿಂದಿಗೆಯಿಂದ ಸಣ್ಣಗೆ ನೀರು ಬಿಟ್ಟುಕೊಂಡು, ಅಗತ್ಯಕ್ಕಿಂತ ನಿಧಾನವಾಗಿ ತೊಳೆಯುತ್ತಿದ್ದ.

“ಗೊತ್ತಾಯ್ತಲ್ಲ ನಿಂಗೆ,” ಎಂದಳು ಭಾರತಮ್ಮ.

“ನೀನೇ ಕಲಿಸಿದ್ದಲ್ವಾ ಅಕ್ಕಾ.” ತಲೆಯೆತ್ತಲಿಲ್ಲ.

“ಚಿವುಟಬೋದಿತ್ತು.”

“ಅಪ್ಪ ಇದ್ದಿದ್ರೂ ಇದೇ ಮಾಡ್ತಿದ್ದ. ಮುಖ ನೋಡ್ದೆ. ನಿಂಗಿಷ್ಟ ಇಲ್ಲ. ಬಿಡು, ಯಾರ್ಗೂ ಗೊತ್ತಾಗಲ್ಲ. ನಾನೇನೂ ಅಂದ್ಕೊಳಲ್ಲ.”

ಭಾರತಮ್ಮನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. “ಏನ್ಲಾ ನೋಡ್ದೆ ನೀನು? ಅಪ್ಪನ ಪಂಚೆ ಉಟ್ಟ ತಕ್ಷಣ ಅಪ್ಪನ ಕಣ್ಣು ಬಂದ್ಬಿಡುತ್ತಾ? ನೀನು ನೋಡಿದ್ದು ಭಯ ಕಣೋ. ಭಯ! ಅಮ್ಮ ಗುರುವಾರಕ್ಕೆ ಬರ್ತೀನಿ ಅಂತ ಹೋಗಿದ್ದು ನಿಂಗೆ ಮರ್ತೋಯ್ತಾ? ನಂಗೆ ಮರ್ತಿಲ್ಲ. ಆ ಹಿಟ್ಟಿನ ಡಬ್ಬ ಮುಚ್ಚಿದ್ದು ನನ್ನ ಈ ಕೈ.” ಹಿಡಿದಿದ್ದ ಹೂ ಅಂಗೈಯಲ್ಲಿ ಮುದ್ದೆಯಾಗಿತ್ತು. “ಡಾಕ್ಟ್ರು ನನ್ನ ರಕ್ತ ಕೇಳಿದ್ರು. ನಿಮ್ ಭಾವ ದೇವರನ್ನ ಕೇಳು ಅಂದ್ರು. ದೇವರು ಹೂವನ್ನ ಕೇಳ್ದ. ನೀನು ಒಂದಿನ, ಒಂದೇ ಒಂದಿನ ನನ್ನ ಕೇಳಿದ್ಯೇನ್ಲಾ?”

ವೇಣುವಿನ ಕೈಯ ತಟ್ಟೆ ಕಲ್ಲಿನ ಮೇಲೆ ಬಿತ್ತು. “ಹೆಂಗ್ ಕೇಳ್ಲಿ? ಅಮ್ಮ ಹೋದ್ಮೇಲೆ ಎತ್ತಿ ಬೆಳೆಸ್ದೋಳು ನೀನು. ಇನ್ನೂ ಏನ್ ಕೊಡು ಅಂತ ಕೇಳ್ಲಿ ನಿನ್ನ? ಯಾವ್ ಬಾಯಲ್ಲಿ ಕೇಳ್ಲಿ?”

ಗುಡಿಯ ಮೂಲೆಯಲ್ಲಿ ಬಳೆ ಸದ್ದಾಯಿತು. ಅನಿತ ನಿಂತಿದ್ದಳು, ಕೈಯಲ್ಲಿ ಖಾಲಿ ಬುಟ್ಟಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮುಖ ನೋಡಿದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಭಾರತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

“ಗುಟ್ಟೆ ಮೇಲೇ ಹೇಳ್ಬೋದಿತ್ತಲ್ಲ ವದಿನ,” ಎಂದಳು ಅನಿತ. ಸಿಟ್ಟಿರಲಿಲ್ಲ ಎಂದಲ್ಲ, ಇತ್ತು. “ಭಯ ಅಂತ ಹೇಳ್ಬೋದಿತ್ತು. ಸ್ವಾಮಿ ಮೇಲೆ ಯಾಕಾಕಿದ್ರಿ? ನಂಗೇನ್ ಭಯ ಇಲ್ವಾ? ನಿಮ್ಮನ್ನ ಕೇಳೋಕೇ ಭಯ ನಂಗೆ. ಬೆಳಗ್ಗೆಯಿಂದ ಹೂ ತೋರಿಸ್ತಾನೇ ಇದ್ದೀನಿ.”

ಅವಳ ಕಣ್ಣು ನೋಡುವ ಧೈರ್ಯ ಭಾರತಮ್ಮನಿಗೆ ಬರಲಿಲ್ಲ. ತಮ್ಮನ ಕಡೆಗೇ ತಿರುಗಿ, ಬಾವಿಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತಳು.

“ಕೇಳು,” ಎಂದಳು.

“ಬೇಡಕ್ಕಾ.”

“ಕೇಳೋ.”

ಬಿಂದಿಗೆಯ ಬಾಯಿಂದ ಉಳಿದ ನೀರು ತೊಟ್ಟಿಕ್ಕುತ್ತಿತ್ತು. ವೇಣು ಅದನ್ನೇ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ, ಕೊನೆಗೆ ಅಕ್ಕನ ಕಡೆ ತಿರುಗಿದ.

“ಅಕ್ಕಾ... ಕೊಡ್ತೀಯಾ?”

ಚಿಕ್ಕವನಿದ್ದಾಗ ಗುಟ್ಟೆ ಇಳಿಯುತ್ತ, ಕಾಲು ನೋಯ್ತೈತೆ ಎತ್ಕೋತೀಯಾ ಎಂದು ಕೇಳುತ್ತಿದ್ದ ದನಿ. ಇಲ್ಲ ಎನ್ನುವುದಕ್ಕೆ ಅವಳು ಒಪ್ಪ ಮಾಡಿ ಇಟ್ಟುಕೊಂಡಿದ್ದ ಮಾತುಗಳೆಲ್ಲ ಹಾಗೆಯೇ ಇದ್ದವು, ಒಂದೂ ಸುಳ್ಳಾಗಿರಲಿಲ್ಲ. ಬಿಳಿ ಬಟ್ಟೆಯೂ ಕಣ್ಣ ಮುಂದೆ ಹಾಗೆಯೇ ಇತ್ತು.

“ಭಯ ಆಗ್ತೈತೆ ಕಣೋ,” ಎಂದಳು ಜೋರಾಗಿ, ಗುಡಿಯ ಮುಂದಿರುವ ಗಂಡನಿಗೂ ಕೇಳಲಿ ಎಂಬಂತೆ. “ತುಂಬಾ ಭಯ ಆಗ್ತೈತೆ. ಕೊಡ್ತೀನಿ.”

ಅನಿತ ನಿಂತಲ್ಲೇ ಕುಸಿದು ಕೂತಳು. ವೇಣು ಮುಖ ಮುಚ್ಚಿಕೊಂಡ.

“ಲೇ, ಹೊರಡೋಣ ಬಾ!” ಎಂದು ಮುಂದುಗಡೆಯಿಂದ ಕೋದಂಡರಾಮಪ್ಪನ ಕೂಗು ಬಂತು. ಪಾಪ, ಅವನಿಗೆ ಏನೂ ಕೇಳಿಸಿರಲಿಲ್ಲ, ದನಿಯಲ್ಲಿ ಖುಷಿಯಿತ್ತು. “ಸಂಜೆಗೆ ಹುಳ ಜ್ವರ ಬಿಟ್ಟು ಏಳ್ತವೆ, ಸೊಪ್ಪು ಕುಯ್ಯಬೇಕು!”

“ಬಂದೆ,” ಎಂದಳು ಭಾರತಮ್ಮ. ಎನ್ನುತ್ತ ತಮ್ಮನ ಎಡಗೈಯನ್ನು, ಆ ಉಬ್ಬಿದ ನರಕ್ಕೆ ನೋವಾಗದಂತೆ, ಹಿಡಿದುಕೊಂಡಳು. ಅವನ ಕೈ ತಣ್ಣಗಿತ್ತು. ಬಂದೆ ಎಂದವಳು ಇನ್ನೂ ಎದ್ದಿರಲಿಲ್ಲ.